ನಾಯಿಯ ತುರಿಕೆಗೆ ಪಥ್ಯ: ಕಾಸರಗೋಡಿನ ಮನೆಗಳಲ್ಲಿ ಮಾಡುವ ಕ್ರಮ

ನಾಯಿಗೆ ಆಹಾರದ ಅಲರ್ಜಿ ಇರಬಹುದು ಎಂದು ಡಾಕ್ಟರು ಹೇಳಿದ ಕೂಡಲೇ ಹೆಚ್ಚಿನವರು ಕೋಳಿಯ ಚಿತ್ರವಿರುವ ಚೀಲ ಬಿಟ್ಟು ಕುರಿಯ ಚಿತ್ರವಿರುವ ಚೀಲ ತರುತ್ತಾರೆ. ಹತ್ತು ದಿನ ನೋಡುತ್ತಾರೆ. ತುರಿಕೆ ನಿಲ್ಲುವುದಿಲ್ಲ, ಮೀನಿನ ಚಿತ್ರವಿರುವ ಮೂರನೇ ಚೀಲ ಬರುತ್ತದೆ. ಇಲ್ಲಿ ಮೂರು ಕಡೆ ಲೆಕ್ಕ ತಪ್ಪಿದೆ. ಕುರಿ ಎಂದು ಬರೆದ ಚೀಲದ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಕೋಳಿಕೊಬ್ಬೋ ಪೌಲ್ಟ್ರಿ ಮೀಲೋ ಸೇರಿರುವುದು ಕಾಣುವುದುಂಟು. ಹತ್ತು ದಿನ ಏನೇನೂ ಸಾಲದು. ಇನ್ನು, ಬೂತಾಯಿ ತಲೆ ತಿಂದು ಬೆಳೆದ ಕುಂಬಳೆ, ಉಪ್ಪಳದ ನಾಯಿಗೆ ಮೀನು ಹೊಸ ಆಹಾರವೇ ಅಲ್ಲ.

ಎಲ್ಲ ಅಲರ್ಜಿ ನಾಯಿಗಳಿಗೂ ಹೊಂದುವ ಒಂದು ಆಹಾರ ಎಂಬುದಿಲ್ಲ. ನಿಮ್ಮ ನಾಯಿ ಈವರೆಗೆ ಏನನ್ನು ತಿಂದಿಲ್ಲವೋ ಅದೇ ಅದರ ಪಥ್ಯ. ಎಂಟು ವಾರ ಅದನ್ನು ಮಾತ್ರ ಕೊಟ್ಟು ತುರಿಕೆ ಇಳಿಯುತ್ತದೆಯೇ ಎಂದು ನೋಡುವುದು, ಇಳಿದರೆ ಹಳೆಯ ಆಹಾರ ಮತ್ತೆ ಹಾಕಿ ಖಚಿತ ಮಾಡಿಕೊಳ್ಳುವುದು, ಇದು ಕ್ರಮ. ಅಲರ್ಜಿ ಹುಟ್ಟುವುದು ಮೊದಲೇ ತಿಂದು ಪರಿಚಯವಾದ ಪ್ರೋಟೀನಿಗೆ. "ಇಷ್ಟು ವರ್ಷ ಅದನ್ನೇ ತಿಂದದ್ದಲ್ಲ, ಏನೂ ಆಗಿರಲಿಲ್ಲ" ಎಂಬ ಮಾತಿನಿಂದ ಕೋಳಿಯಾಗಲಿ ಮೊಸರಾಗಲಿ ನಿರಪರಾಧಿ ಆಗುವುದಿಲ್ಲ.

ರಕ್ತ, ಜೊಲ್ಲು, ಕೂದಲು ಕಳಿಸಿ ಯಾವ ಆಹಾರ ಆಗುವುದಿಲ್ಲ ಎಂದು ಪಟ್ಟಿ ತರಿಸುವ ಪರೀಕ್ಷೆಗಳಿವೆ. ಆಹಾರದ ಮಟ್ಟಿಗೆ ಅವನ್ನು ನಂಬುವ ಹಾಗಿಲ್ಲ. ಆರೋಗ್ಯವಾಗಿರುವ ನಾಯಿಗೂ ಉದ್ದದ ಪಟ್ಟಿ ಬರುತ್ತದೆ. ಆ ದುಡ್ಡಿನಲ್ಲಿ ಎಂಟು ವಾರದ ಪಥ್ಯದ ಒಂದು ಪಾಲು ಸಾಗುತ್ತದೆ.

ಮೊದಲು ಉಣ್ಣಿ, ಚಿಗಟ, ಕಜ್ಜಿ

ತುರಿಸುವ ನಾಯಿಗಳಲ್ಲಿ ಆಹಾರದ ಅಲರ್ಜಿ ಇರುವವು ಕಡಿಮೆಯೇ. ನಮ್ಮ ಕಡೆಯ ತೋಟ, ಹಟ್ಟಿ, ಮಳೆಗಾಲ ಇವುಗಳ ನಡುವೆ ಬೇರೆ ಕಾರಣಗಳು ಮೊದಲು ಸಾಲಿನಲ್ಲಿ ನಿಂತಿರುತ್ತವೆ, ಅವನ್ನು ದಾಟದೆ ಪಥ್ಯ ಹಿಡಿದರೆ ಎರಡು ತಿಂಗಳು ದಂಡ.

ಬಾಲದ ಬುಡ ಮತ್ತು ಸೊಂಟದ ಮೇಲೆ ಕಚ್ಚಿಕೊಳ್ಳುತ್ತಿದ್ದರೆ ಚಿಗಟದ ಸಂಶಯ ಪಡಿ. ಆ ಜಾಗದ ಕೂದಲು ಬಾಚಿ, ಉದುರಿದ ಕಪ್ಪು ಹುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಪುಕಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆಯಲ್ಲಿನ ರಕ್ತ. ಕಿವಿಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದಾಗ ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯತೊಡಗಿದರೆ ಮತ್ತು ಮನೆಯವರಿಗೂ ಮೈ ತುರಿಸುತ್ತಿದ್ದರೆ ಕಜ್ಜಿಹುಳದ ಚಿಕಿತ್ಸೆ ಮೊದಲಾಗಬೇಕು. ಕಿವಿಯಲ್ಲಿ ಹುಳಿ ಬಂದಂಥ ವಾಸನೆ, ಹೊಟ್ಟೆಯಡಿಯ ಚರ್ಮ ಕಪ್ಪಾಗಿ ದಪ್ಪಗಾಗಿರುವುದು, ಕೀವಿನ ಗುಳ್ಳೆ ಇವೆಲ್ಲ ಫಂಗಸ್ಸು, ಬ್ಯಾಕ್ಟೀರಿಯಾಗಳ ಕೆಲಸ. ಇವು ಅಲರ್ಜಿಯ ಜೊತೆಗೂ ಬರುತ್ತವೆ. ವಾಸಿ ಮಾಡದೆ ಬಿಟ್ಟರೆ ಪಥ್ಯ ಸರಿಯಿದ್ದರೂ ತುರಿಕೆ ನಿಲ್ಲದು. ನಿಮ್ಮ ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ಅಥವಾ ಮಂಗಳೂರಿನ ಕ್ಲಿನಿಕ್ಕಿನಲ್ಲಿ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ.

ಆಹಾರದ ಮೇಲೆ ಸಂಶಯ ಬಲವಾಗುವುದು ಇಂಥ ಕಡೆ: ವರ್ಷವಿಡೀ ಒಂದೇ ಸಮ ತುರಿಕೆ; ಕಿವಿ, ಪಾದ, ಕಂಕುಳು, ತೊಡೆಸಂದು, ಗುದದ ಸುತ್ತ ಕೆಂಪು; ಬಿಳಿ ನಾಯಿಯಾದರೆ ನೆಕ್ಕಿ ನೆಕ್ಕಿ ಬೆರಳ ಸಂದಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುವುದು; ಔಷಧ ಬಿಟ್ಟ ಕೂಡಲೇ ಮರಳುವ ಕಿವಿಸೋರಿಕೆ; ಜೊತೆಗೆ ದಿನಕ್ಕೆ ಮೂರು ನಾಲ್ಕು ಸಲ ಮೆತ್ತಗಿನ ಮಲ, ಆಗಾಗ ವಾಂತಿ. ಒಂದು ವರ್ಷ ತುಂಬುವ ಮೊದಲೇ ಅಥವಾ ಏಳು ವರ್ಷ ದಾಟಿದ ಮೇಲೆ ಮೊದಲ ಬಾರಿ ಶುರುವಾದ ತುರಿಕೆಯಾದರೆ ಸಂಶಯ ಇನ್ನಷ್ಟು ಗಟ್ಟಿ.

ತಿಂದದ್ದರ ಪಟ್ಟಿ

ಮನೆಯವರೆಲ್ಲ ಕೂತು ನಾಯಿ ಇದುವರೆಗೆ ತಿಂದದ್ದನ್ನೆಲ್ಲ ಬರೆಯಿರಿ. ತಟ್ಟೆಗೆ ಹಾಕಿದ್ದು ಮಾತ್ರ ಸಾಲದು. ಚಹಾದ ಹೊತ್ತಿನ ಬಿಸ್ಕತ್ತು ಗೋಧಿ. ಮೃದುವಾಗಲಿ ಎಂದು ಅನ್ನಕ್ಕೆ ಹಾಕಿದ ಮಜ್ಜಿಗೆ ಹಾಲಿನ ಪ್ರೋಟೀನು. ಹಟ್ಟಿಯಲ್ಲಿ ದನಕ್ಕಿಟ್ಟ ಅಕ್ಕಚ್ಚಿಗೆ ಬಾಯಿ ಹಾಕಿದರೆ ಅದರಲ್ಲಿ ಹಿಂಡಿ, ತೌಡು, ನಿನ್ನೆಯ ಸಾಂಬಾರು. ದನ ಕರು ಹಾಕಿದಾಗ ಮಾಸು ತಿಂದಿದ್ದರೆ, ಹಾಲು ಕರೆದ ಚೆಂಬು ನೆಕ್ಕಿದ್ದರೆ ಅದೂ ಪಟ್ಟಿಗೆ ಸೇರಬೇಕು. ಮೀನು ತೊಳೆಯುವ ಜಾಗ, ಕೋಳಿಗೂಡಿನ ಕೆಳಗೆ ಬಿದ್ದ ದಾಣಿ, ಬೆಕ್ಕಿನ ತಟ್ಟೆ ಯಾವುದನ್ನೂ ಬಿಡಬೇಡಿ.

ಈ ಪಟ್ಟಿಯನ್ನು ಸಾಮಾನ್ಯ ಅಪರಾಧಿಗಳ ಜೊತೆ ಹೋಲಿಸಿ ನೋಡಬಹುದು. 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ ಅಲರ್ಜಿ ಖಚಿತವಾಗಿದ್ದ 297 ನಾಯಿಗಳ ಲೆಕ್ಕವಿದೆ: ದನದ ಮಾಂಸ ಶೇ. 34, ಹಾಲಿನ ಪದಾರ್ಥ ಶೇ. 17, ಕೋಳಿ ಶೇ. 15, ಗೋಧಿ ಶೇ. 13, ಸೋಯಾ ಶೇ. 6, ಕುರಿ ಶೇ. 5, ಮೆಕ್ಕೆಜೋಳ ಮತ್ತು ಮೊಟ್ಟೆ ತಲಾ ಶೇ. 4, ಹಂದಿ, ಮೀನು, ಅಕ್ಕಿ ತಲಾ ಶೇ. 2. ಅವು ಬೇರೆ ದೇಶಗಳ ನಾಯಿಗಳು. ಅಲ್ಲಿ ದನದ ಮಾಂಸ ಹೆಚ್ಚು ತಿಂದವು, ಅದಕ್ಕೇ ಮೊದಲ ಸ್ಥಾನ. ಬದಿಯಡ್ಕ, ಪೆರ್ಲ ಕಡೆಯ ಸಸ್ಯಾಹಾರಿ ಮನೆಯ ನಾಯಿಗೆ ಮೊಸರು ಮತ್ತು ಬಿಸ್ಕತ್ತು, ಕಡಲ ಬದಿಯ ಮನೆಯ ನಾಯಿಗೆ ಮೀನು ಮತ್ತು ಬೀಫ್ ಮೊದಲ ಸಂಶಯಕ್ಕೆ ಬೀಳುತ್ತವೆ. ಅಕ್ಕಿಗೆ ಅಲರ್ಜಿ ಅಪರೂಪ. ಆದರೂ ಹುಟ್ಟಿದಂದಿನಿಂದ ಕುಚ್ಚಲಕ್ಕಿ ಗಂಜಿ ತಿಂದ ನಾಯಿಗೆ ಪಥ್ಯದಲ್ಲಿ ಮತ್ತೆ ಅದನ್ನೇ ಹಾಕಿದರೆ ಕೊನೆಗೆ ಒಂದು ಸಂಶಯ ಉಳಿದೇ ಉಳಿಯುತ್ತದೆ. ಎಂಟು ವಾರಕ್ಕೆ ಅದನ್ನೂ ಬಿಡುವುದು ಒಳ್ಳೆಯದು.

ಯಾವ ಮಾಂಸ, ಯಾವ ಗೆಡ್ಡೆ

ಒಂದು ಪ್ರೋಟೀನು, ಒಂದು ಪಿಷ್ಟ, ಒಂದು ಎಣ್ಣೆ. ಇದಕ್ಕಿಂತ ಹೆಚ್ಚು ಬೇಡ.

ಇಲ್ಲಿನ ಹೆಚ್ಚಿನ ನಾಯಿಗಳಿಗೆ ನಿಜವಾಗಿ ಹೊಸದಾಗುವುದು ಹಂದಿ ಅಥವಾ ಸಾಕಿದ ಮೊಲ. ಹಂದಿ ಮಾಂಸ ಮಂಗಳೂರಿನಲ್ಲಿ ಸಲೀಸಾಗಿ ಸಿಗುತ್ತದೆ; ಕ್ರೈಸ್ತರ ಮನೆಗಳು ಹೆಚ್ಚಿರುವ ಊರುಗಳಲ್ಲಿ ಭಾನುವಾರ ವಿಚಾರಿಸಿದರೆ ಆಯಿತು. ಬಾತುಕೋಳಿ, ಗೌಜಲಕ್ಕಿ ಸಿಗುತ್ತವಾದರೂ ಅವು ಕೋಳಿಯ ನೆಂಟರು. ಕೋಳಿಯ ಮೇಲೆಯೇ ಸಂಶಯವಿದ್ದರೆ ಬೇಡ. ಹಾಗೆಯೇ ಬೀಫ್ ಅಥವಾ ಹಾಲಿನ ಮೇಲೆ ಸಂಶಯವಿದ್ದರೆ ಆಡು, ಕುರಿ, ಎಮ್ಮೆ ಸುರಕ್ಷಿತವಲ್ಲ. ಮೆಲುಕು ಹಾಕುವ ಪ್ರಾಣಿಗಳ ಪ್ರೋಟೀನುಗಳು ಒಂದನ್ನೊಂದು ಹೋಲುತ್ತವೆ.

ಪಿಷ್ಟಕ್ಕೆ ಸಿಹಿಗೆಣಸು ಎಲ್ಲಕ್ಕಿಂತ ಸುಲಭ. ಬಟಾಟೆಯೂ ಆದೀತು, ನಾಯಿ ಸಾಂಬಾರಿನ ಬಟಾಟೆ ತಿನ್ನದಿದ್ದರೆ. ಮರಗೆಣಸು ಹಾಕುವುದಾದರೆ ಸಿಪ್ಪೆ ದಪ್ಪಕ್ಕೆ ತೆಗೆದು, ಸಣ್ಣಗೆ ಕೊಚ್ಚಿ, ಧಾರಾಳ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ ನೀರು ಬಸಿದು ಚೆಲ್ಲಬೇಕು. ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ, ಹಸಿಯಾಗಿ ಕೊಡಲೇಬಾರದು. ಸುವರ್ಣಗೆಡ್ಡೆ, ಕೆಸು ಬೇಡವೇ ಬೇಡ. ಬಾಯಿ, ಗಂಟಲು ತುರಿಸಿ ನಾಯಿ ಒದ್ದಾಡಿದರೆ ಅದು ಅಲರ್ಜಿಯೋ ಕೆಸುವಿನ ತುರಿಕೆಯೋ ಗೊತ್ತಾಗದು.

ಎಣ್ಣೆಗೆ ನಮ್ಮ ಕೈ ತಾನಾಗಿ ತೆಂಗಿನೆಣ್ಣೆಯ ಕಡೆ ಹೋಗುತ್ತದೆ. ಚರ್ಮಕ್ಕೆ ಬೇಕಾದ ಲಿನೋಲಿಕ್ ಆಮ್ಲ ಅದರಲ್ಲಿ ಅತ್ಯಲ್ಪ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯಲ್ಲಿ ಬೇಕಾದಷ್ಟಿದೆ, ಪಥ್ಯಕ್ಕೆ ಅದನ್ನೇ ಹಾಕಿ. ಗಾಯಕ್ಕೆ ಹಚ್ಚಿದ ತೆಂಗಿನೆಣ್ಣೆಯನ್ನು ನಾಯಿ ನೆಕ್ಕಿ ಹೊಟ್ಟೆಗೆ ಇಳಿಸುತ್ತದೆಯಾದ್ದರಿಂದ ಎಂಟು ವಾರ ಅದನ್ನೂ ನಿಲ್ಲಿಸಿ.

ಮನೆಯಲ್ಲಿ ಮಾಂಸ ಬೇಯಿಸದವರಿಗೆ ಎರಡು ದಾರಿ. ಒಂದು, ಪ್ರೋಟೀನನ್ನು ಸಣ್ಣ ಸಣ್ಣ ತುಣುಕಾಗಿ ಒಡೆದು ತಯಾರಿಸಿದ ಹೈಡ್ರೊಲೈಸ್ಡ್ ಆಹಾರ: ರಾಯಲ್ ಕ್ಯಾನಿನ್‌ನ ಹೈಪೋಅಲರ್ಜೆನಿಕ್, ಹಿಲ್ಸ್‌ನ ಜೆಡ್/ಡಿ ಇಂಥವು. ಡಾಕ್ಟರ ಚೀಟಿಯ ಮೇಲೆ ತರಿಸಬೇಕು, ಬೆಲೆ ಜಾಸ್ತಿ. ಮೊದಲನೆಯದರ ಮೂಲ ಸೋಯಾ, ಎರಡನೆಯದರದು ಕೋಳಿಯ ಲಿವರ್ (ಯಕೃತ್ತು). ಒಡೆದ ತುಣುಕಿಗೂ ಕೆರಳುವ ನಾಯಿಗಳಿವೆ, ಹಾಗಾಗಿ ಕೋಳಿಯ ಮೇಲೆ ಸಂಶಯವಿದ್ದರೆ ಸೋಯಾ ಮೂಲದ್ದು, ಸೋಯಾ ಮೇಲಿದ್ದರೆ ಇನ್ನೊಂದು. ಎರಡನೆಯ ದಾರಿ ಹೆಸರುಕಾಳು, ನಾಯಿ ಅದನ್ನು ಮೊದಲು ತಿಂದಿರದಿದ್ದರೆ ಮಾತ್ರ. ಬೆಳೆದ ನಾಯಿಗೆ ಎರಡು ತಿಂಗಳ ಮಟ್ಟಿಗೆ ನಡೆದೀತು. ಒಂದು ವರ್ಷದೊಳಗಿನ ಮರಿ, ಗಬ್ಬದ ನಾಯಿ, ಹಾಲೂಡುವ ನಾಯಿಗೆ ಮನೆಯಡುಗೆಯ ಪಥ್ಯ ಬೇಡ. ಅವಕ್ಕೆ ಡಾಕ್ಟರನ್ನು ಕೇಳಿ ಹೈಡ್ರೊಲೈಸ್ಡ್ ಒಂದೇ.

ಅಳತೆ

ಸಂತಾನಹರಣ ಆದ, ಮಧ್ಯಮ ಓಡಾಟದ ನಾಯಿಗೆ ದಿನಕ್ಕೆ ಬೇಕಾಗುವುದು ಅಂದಾಜು ಹೀಗೆ: 10 ಕಿಲೋ ನಾಯಿಗೆ 630 ಕಿಲೋಕ್ಯಾಲರಿ, 15 ಕಿಲೋಗೆ 850, 20 ಕಿಲೋಗೆ 1,050, 30 ಕಿಲೋಗೆ 1,430. ತೂಕ ದುಪ್ಪಟ್ಟಾದರೆ ಆಹಾರ ದುಪ್ಪಟ್ಟಾಗುವುದಿಲ್ಲ ಎಂಬುದನ್ನು ಗಮನಿಸಿ.

15 ಕಿಲೋದ ಊರ ನಾಯಿಯ ಒಂದು ದಿನದ ಪಾಲು, ಎರಡು ಹೊತ್ತಿಗೆ ಹಂಚಿ:
ಬೇಯಿಸಿದ ಕೊಬ್ಬಿಲ್ಲದ ಹಂದಿ ಮಾಂಸ 250 ಗ್ರಾಂ (ಎಲುಬಿಲ್ಲದ ಹಸಿ ಮಾಂಸ ಸುಮಾರು 350 ಗ್ರಾಂ)
ಬೇಯಿಸಿದ ಸಿಹಿಗೆಣಸು 400 ಗ್ರಾಂ
ಸೂರ್ಯಕಾಂತಿ ಎಣ್ಣೆ 1 ಟೀ ಚಮಚ

ಹೆಸರುಕಾಳಿನ ಪಥ್ಯವಾದರೆ ಒಣಕಾಳು 150 ಗ್ರಾಂ, ಬೇಯಿಸಿದ ಗೆಣಸು 350 ಗ್ರಾಂ, ಎಣ್ಣೆ ಒಂದೂವರೆ ಟೀ ಚಮಚ. ಕಾಳನ್ನು ರಾತ್ರಿ ನೆನೆಸಿ, ನೀರು ಚೆಲ್ಲಿ, ಕುಕ್ಕರಿನಲ್ಲಿ ಬೆರಳಿಗೆ ಹಿಸುಕಿದರೆ ಮುದ್ದೆಯಾಗುವಷ್ಟು ಬೇಯಿಸಿ. ಇಲ್ಲದಿದ್ದರೆ ಗ್ಯಾಸು, ಭೇದಿ.

ಮಾಂಸದ ಬಿಳಿ ಕೊಬ್ಬನ್ನು ಹಸಿಯಿರುವಾಗಲೇ ಕತ್ತರಿಸಿ ತೆಗೆಯಿರಿ. ಬೆಂದ ನೀರನ್ನು ತಣಿಸಿದಾಗ ಮೇಲೆ ಕಟ್ಟುವ ಪದರವನ್ನೂ ತೆಗೆದು ಬಿಸಾಡಿ. ಕೊಬ್ಬು ಹೆಚ್ಚಾದರೆ ಮೇದೋಜೀರಕದ ಉರಿಯೂತ ಬಂದು ನಾಯಿ ಆಸ್ಪತ್ರೆ ಸೇರಬೇಕಾದೀತು. ಹಂದಿ ಮಾಂಸದ ಒಳಗೆ ಒಂದಿಷ್ಟೂ ಕೆಂಪು ಉಳಿಯಬಾರದು. ಉಪ್ಪು, ಅರಸಿನ, ಮೆಣಸು ಬೇಡ. ನೀರುಳ್ಳಿ, ಬೆಳ್ಳುಳ್ಳಿ ಅಲರ್ಜಿಯಿಲ್ಲದ ನಾಯಿಗೂ ವಿಷವೇ. ಪಥ್ಯದ ಅಡುಗೆಗೆ ಬೇರೆ ಪಾತ್ರೆ, ಬೇರೆ ಸೌಟು ಇಡಿ. ಮೂರು ದಿನದ್ದು ಫ್ರಿಜ್ಜಿನಲ್ಲಿ, ಉಳಿದದ್ದು ಒಂದೊಂದು ದಿನದ ಪೊಟ್ಟಣ ಮಾಡಿ ಫ್ರೀಜರಿನಲ್ಲಿ.

ಹಳೆಯ ಆಹಾರದಿಂದ ಹೊಸದಕ್ಕೆ ಐದಾರು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬದಲಾಯಿಸಿ. ಹಳೆಯದು ಪೂರ್ತಿ ನಿಂತ ದಿನ ಪಥ್ಯದ ಮೊದಲ ದಿನ. ವಾರಕ್ಕೊಮ್ಮೆ ನಾಯಿಯನ್ನೆತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆದು ನೋಡಿ. ಇಳಿಯುತ್ತಿದ್ದರೆ ಮಾಂಸ, ಗೆಣಸು ಎರಡನ್ನೂ ಹತ್ತನೇ ಒಂದು ಪಾಲು ಏರಿಸಿ.

ಪಥ್ಯ ಕೆಡುವ ಜಾಗಗಳು

ಪಥ್ಯ ಫಲಿಸದಿದ್ದಾಗ ಹತ್ತರಲ್ಲಿ ಎಷ್ಟೋ ಸಲ ತಪ್ಪು ಆರಿಸಿದ ಮಾಂಸದ್ದಾಗಿರುವುದಿಲ್ಲ, ಮನೆಯದ್ದಾಗಿರುತ್ತದೆ. "ಪಾಪ, ಒಂದು ತುಂಡು" ಎನ್ನುವ ಅಜ್ಜಿಗೆ ಮೊದಲೇ ಹೇಳಿ ಒಪ್ಪಿಸಬೇಕು. ಮಕ್ಕಳಿಗೆ ಕೊಡುವ ಆಸೆಯಿದ್ದರೆ ಆ ದಿನದ ಪಾಲಿನಿಂದಲೇ ನಾಲ್ಕು ಗೆಣಸಿನ ಹೋಳು ತೆಗೆದು ಒಂದು ಡಬ್ಬಿಯಲ್ಲಿಟ್ಟು ಅವರ ಕೈಗೆ ಕೊಡಿ. ಕೊಡಬೇಡ ಎನ್ನುವುದಕ್ಕಿಂತ ಇದು ಹೆಚ್ಚು ನಡೆಯುತ್ತದೆ. ನೆರೆಮನೆಯವರಿಗೂ ತಿಳಿಸಿ. ಪಥ್ಯ ಎಂಬ ಮಾತು ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಅಲರ್ಜಿ ಎಂದರೆ ನಗುವವರೂ ಪಥ್ಯ ಎಂದರೆ ಸುಮ್ಮನಾಗುತ್ತಾರೆ.

ಎಂಟು ವಾರ ನಾಯಿಯನ್ನು ತೋಟಕ್ಕೆ ಬಿಡುವಾಗ ಹಗ್ಗ ಇರಲಿ, ಇಲ್ಲವೇ ಬುಟ್ಟಿಯಂತಹ ಬಾಯಿಕುಕ್ಕೆ ಹಾಕಿ. ಹಟ್ಟಿಯ ಬಾಗಿಲು ಮುಚ್ಚಿ, ಅಕ್ಕಚ್ಚಿನ ಬಾಲ್ದಿ ಎತ್ತರದಲ್ಲಿಡಿ, ಬೆಕ್ಕಿಗೆ ಮೋಟುಗೋಡೆಯ ಮೇಲೆ ಹಾಕಿ. ಮಳೆಗಾಲದಲ್ಲಿ ಫಂಗಸ್ಸು, ಒದ್ದೆ ಚರ್ಮ ಸೇರಿ ಫಲಿತಾಂಶ ಗೋಜಲಾಗುವುದರಿಂದ ಮಳೆ ಬಿಟ್ಟ ಮೇಲೆ ಶುರು ಮಾಡಿದರೆ ಒಳ್ಳೆಯದು ಎಂದು ಹೇಳಬಹುದು. ಆದರೆ ಆಗ ಮದುವೆ, ಕೋಲ, ಉತ್ಸವಗಳ ಕಾಲ, ಎಂಜಲೆಲೆ ಊರು ತುಂಬ. ಪೂರ್ತಿ ಅನುಕೂಲದ ತಿಂಗಳಿಗೆ ಕಾಯುತ್ತ ಕೂರಬೇಡಿ.

ಯಾರ ಗಮನಕ್ಕೂ ಬಾರದ ಕಳ್ಳದಾರಿ ಔಷಧ. ಉಣ್ಣಿ, ಚಿಗಟಕ್ಕೆ ಕೊಡುವ ಜಗಿಯುವ ಮಾತ್ರೆಗಳಲ್ಲಿ ಮಾಂಸದ ರುಚಿಯೋ ಸೋಯಾವೋ ಇರುತ್ತದೆ. ಪಥ್ಯದಷ್ಟು ಕಾಲ ಕುತ್ತಿಗೆಯ ಮೇಲೆ ಬಿಡುವ ಹನಿಯ ಔಷಧ ಕೇಳಿ. ಉಣ್ಣಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ದನ ಅಥವಾ ಹಂದಿಯ ಜೆಲಟಿನ್; ಮಾತ್ರೆಯ ರೂಪದಲ್ಲಿ ಬರೆಸಿಕೊಳ್ಳಿ, ಮತ್ತು ಡಾಕ್ಸಿಸೈಕ್ಲಿನ್ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣು ಮಾಡುವುದರಿಂದ ಮೇಲಿಂದ ಗೆಣಸಿನ ಉಂಡೆ ನುಂಗಿಸಿ. ಲಿವರಿನ ಸಾರ ಸೇರಿದ ಟಾನಿಕ್, ಕೋಳಿರುಚಿಯ ಕ್ಯಾಲ್ಸಿಯಂ, ಜಗಿಯುವ ಚರ್ಮದ ಎಲುಬು ಎಲ್ಲ ಬಂದ್. ಮಾತ್ರೆಯನ್ನು ಚೀಸಿನಲ್ಲೋ ಬ್ರೆಡ್ಡಿನಲ್ಲೋ ಅಡಗಿಸುವ ಅಭ್ಯಾಸವೂ.

ತುರಿಕೆ ತಡೆಯುವ ಮಾತ್ರೆಗಳ ವಿಷಯ ಬೇರೆ. ನಾಯಿ ರಕ್ತ ಬರುವಂತೆ ಕೆರೆಯುತ್ತಿದ್ದರೆ ಮೊದಲ ಎರಡು ಮೂರು ವಾರ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಅಥವಾ ಒಕ್ಲಾಸಿಟಿನಿಬ್ ಕೊಡುವುದುಂಟು. ಬಳಿಕ ಡಾಕ್ಟರು ಹೇಳಿದಂತೆ ನಿಲ್ಲಿಸಿ ನೋಡಬೇಕು. ಸ್ಟಿರಾಯ್ಡನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಕೊನೆಯ ವಾರಗಳಲ್ಲಿ ಔಷಧವಿಲ್ಲದೆ ನಾಯಿ ಹೇಗಿದೆ ಎಂಬುದರ ಮೇಲೆಯೇ ಪಥ್ಯದ ತೀರ್ಪು ನಿಂತಿದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರ ತುರಿಕೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹಾಕಿ, ಅದೂ ಒಬ್ಬರೇ. ಜೊತೆಗೆ ಕಿವಿಯ ಒಳಗು, ಮುಂಗಾಲಿನ ಅಡಿ, ತೊಡೆಸಂದಿನ ಫೋಟೊ ಅದೇ ಬೆಳಕಿನಲ್ಲಿ. ಕದ್ದು ತಿಂದ ದಿನವನ್ನೂ ಬರೆಯಿರಿ. ಒಂದು ಸಲ ಕದ್ದು ತಿಂದ ಮಾತ್ರಕ್ಕೆ ಎಲ್ಲ ಮೊದಲಿನಿಂದ ಶುರು ಮಾಡಬೇಕಿಲ್ಲ. ಎರಡು ವಾರ ಸೇರಿಸಿದರೆ ಸಾಕು.

ಎಂಟು ವಾರದ ಮೇಲೆ

ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ಶೇ. 80ಕ್ಕಿಂತ ಹೆಚ್ಚಿನವು ಐದನೇ ವಾರಕ್ಕೆ, ಶೇ. 90ಕ್ಕಿಂತ ಹೆಚ್ಚಿನವು ಎಂಟನೇ ವಾರಕ್ಕೆ ತಿಳಿಯಾಗುತ್ತವೆ. ಹೊಟ್ಟೆ ಮೊದಲು ಸರಿಹೋಗುತ್ತದೆ, ಸಾಧಾರಣ ಎರಡು ವಾರದೊಳಗೆ. ಚರ್ಮ ನಿಧಾನ.

ಎಂಟು ವಾರಕ್ಕೂ ಅಂಕ ಇಳಿಯದಿದ್ದರೆ, ಪಥ್ಯ ನಿಜಕ್ಕೂ ಬಿಗಿಯಾಗಿದ್ದರೆ, ಕಾರಣ ಆಹಾರವಲ್ಲ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು. ಧೂಳಿನ ನುಸಿ, ಪರಾಗಗಳ ಕಡೆಗೆ ಡಾಕ್ಟರ ಜೊತೆ ಹುಡುಕಾಟ ಮುಂದುವರಿಯಲಿ.

ಇಳಿದರೆ ಎಲ್ಲರೂ ತಪ್ಪಿಸುವ ಹಂತ ಬಂತು. ಹಳೆಯ ಆಹಾರವನ್ನೇ ಮತ್ತೆ ಹಾಕಬೇಕು. ಗುಣವಾದ ನಾಯಿಯನ್ನು ಮತ್ತೆ ತುರಿಸಲು ಬಿಡುವುದು ಯಾರಿಗೂ ಇಷ್ಟವಿಲ್ಲ, ಆದರೆ ಈ ಎರಡು ತಿಂಗಳಲ್ಲಿ ಮಳೆ ನಿಂತಿದೆ, ಚಿಗಟ ಸತ್ತಿದೆ, ಕಿವಿಗೆ ಔಷಧ ಬಿದ್ದಿದೆ, ಯಾವುದರಿಂದ ಗುಣವಾಯಿತು? ಹಳೆಯದು ತಿಂದು 14 ದಿನದೊಳಗೆ ತುರಿಕೆ ಮರಳಿದರೆ ಅಲರ್ಜಿ ಖಚಿತ. ಕೆಲವು ನಾಯಿ ಅದೇ ದಿನ ಕೆರೆಯತೊಡಗುತ್ತವೆ. ಆ ಕೂಡಲೇ ನಿಲ್ಲಿಸಿ ಪಥ್ಯಕ್ಕೆ ಮರಳಿ. ಮುಖ ಊದಿಕೊಂಡ ಅಥವಾ ಮೈತುಂಬ ದದ್ದು ಎದ್ದ ಚರಿತ್ರೆಯಿರುವ ನಾಯಿಗೆ ಮಾತ್ರ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು.

ತಿಳಿಯಾದ ಮೇಲೆ ಒಂದೊಂದೇ ಪದಾರ್ಥವನ್ನು ಪಥ್ಯದ ಜೊತೆ ಸೇರಿಸಿ, ಒಂದೊಂದಕ್ಕೆ ಎರಡು ವಾರ. 15 ಕಿಲೋ ನಾಯಿಗೆ ದಿನಕ್ಕೆ ಬೇಯಿಸಿದ ಕೋಳಿ 50 ಗ್ರಾಂ; ಅದು ಮುಗಿದ ಮೇಲೆ ಮೊಸರು ಎರಡು ದೊಡ್ಡ ಚಮಚ; ಆಮೇಲೆ ಉಪ್ಪೆಣ್ಣೆಯಿಲ್ಲದ ಅರ್ಧ ಚಪಾತಿ; ಮುಳ್ಳು ತೆಗೆದ ಬಂಗುಡೆ; ಬೆಂದ ಮೊಟ್ಟೆ; ಬೆಳ್ತಿಗೆ ಅಕ್ಕಿಯ ಅನ್ನ. ಮನೆಯಲ್ಲಿ ದಿನಾ ಬೇಯುವುದನ್ನೇ ಮೊದಲು ಪರೀಕ್ಷಿಸಿ. ಅನ್ನ ಆಗುತ್ತದೆ ಎಂದು ಗೊತ್ತಾದರೆ ಅರ್ಧ ಕಷ್ಟ ಅಲ್ಲಿಗೇ ಮುಗಿಯಿತು. ಎರಡು ವಾರ ಏನೂ ಆಗದಿದ್ದರೆ ಅದು ಪಾಸು. ತುರಿಕೆ ಬಂದರೆ ನಿಲ್ಲಿಸಿ, ಪೂರ್ತಿ ಇಳಿಯುವವರೆಗೆ ಕಾದು ಮುಂದಿನದಕ್ಕೆ ಹೋಗಿ. ಎರಡು ಪದಾರ್ಥಕ್ಕೆ ಅಲರ್ಜಿ ಇರುವ ನಾಯಿಗಳೂ ಇವೆ, ಮೊದಲನೆಯದು ಸಿಕ್ಕಿತೆಂದು ಪಟ್ಟಿ ಮುಚ್ಚಬೇಡಿ.

ಆಗದ್ದನ್ನು ಬಿಟ್ಟು ಉಳಿದ ಪದಾರ್ಥಗಳಿಂದ ಕಾಯಂ ಆಹಾರ ರೂಪಿಸುವಾಗ ಮೊದಲು ಕೊರತೆ ಬೀಳುವುದು ಕ್ಯಾಲ್ಸಿಯಂ. ಮಾಂಸ, ಗೆಣಸು, ಅನ್ನ ಯಾವುದರಲ್ಲೂ ಸಾಕಷ್ಟಿಲ್ಲ. 15 ಕಿಲೋ ನಾಯಿಗೆ ದಿನಕ್ಕೆ ಸುಮಾರು 1 ಗ್ರಾಂ ಬೇಕು, ಅಂದರೆ ಎರಡೂವರೆ ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಹುಡಿ. ಮೊಟ್ಟೆಯ ಚಿಪ್ಪಿನ ನುಣ್ಣನೆ ಹುಡಿಯೂ ಆಗುತ್ತದೆ, ಮೊಟ್ಟೆ ಪಾಸಾಗಿದ್ದರೆ. ವೀಳ್ಯದ ಸುಣ್ಣ ಹಾಕಬೇಡಿ. ಅದು ಬೇರೆ ರಾಸಾಯನಿಕ, ಬಾಯಿ ಕರುಳು ಸುಡುತ್ತದೆ. ಸತು, ತಾಮ್ರ, ಅಯೊಡಿನ್, ವಿಟಮಿನ್ ಡಿ, ಇ ಕೂಡ ಕೊರತೆ ಬೀಳುವುದರಿಂದ ಮನೆಯಡುಗೆಯನ್ನೇ ಮುಂದುವರಿಸುವವರು ಲೆಕ್ಕ ಹಾಕಿಸಿ ರುಚಿ ಬೆರೆಸದ ಮಿಶ್ರಣ ಬರೆಸಿಕೊಳ್ಳಬೇಕು.

ಚೀಲದ ಆಹಾರಕ್ಕೆ ಮರಳುವವರು ಸಣ್ಣ ಚೀಲವನ್ನೇ ತನ್ನಿ. ನಮ್ಮ ತೇವದ ಹವೆಯಲ್ಲಿ ತೆರೆದಿಟ್ಟ ಚೀಲದಲ್ಲಿ ದಾಸ್ತಾನಿನ ನುಸಿ ಹುಟ್ಟಿಕೊಳ್ಳುತ್ತದೆ, ಅದಕ್ಕೂ ತುರಿಸುವ ನಾಯಿಗಳಿವೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ. ಪ್ರತಿ ಸಲ ಹೊಸ ಚೀಲ ತಂದಾಗ ಹಿಂಬದಿಯ ಪಟ್ಟಿಯನ್ನು ಹಳೆಯದರ ಪಕ್ಕ ಹಿಡಿದು ಓದಿ. ಹೆಸರು, ಚಿತ್ರ ಹಾಗೇ ಇದ್ದು ಒಳಗಿನ ಪದಾರ್ಥ ಬದಲಾಗಿರುವುದುಂಟು.